ಅಡೆಗಲ್ಲು

ನಮ್ಮ ಸಂಘದ ಲೆಟರ್‌ಹೆಡ್ಡಿನಲ್ಲಿ ವಿಳಾಸದ ಜಾಗ ಖಾಲಿ.
ಮೊದಲೆರಡು ಸಲ ಅಚ್ಚು ಹಾಕಿಸಿದ್ದೆವು:
ಬಾಗಲಕೋಟೆ, ನವನಗರ, ಸೈಕಲ್ ಅಂಗಡಿಯ ಮೇಲೆ.
ಅಂಗಡಿಯವನಿಗೆ ಮಗಳ ಮದುವೆಗೆ ಖೋಲಿ ಬೇಕಾಯಿತು.
ಆಮೇಲೆ ಹಿಟ್ಟಿನ ಗಿರಣಿಯ ಬಾಜೂಕ. ಅಲ್ಲಿಂದಲೂ ಎದ್ದೆವು.
ಈಗ ಎಲ್ಲಿದ್ದೇವೋ ಅಲ್ಲಿಯದನ್ನು ಪೆನ್ನಿನಿಂದ ಬರೆಯುತ್ತೇನೆ.
"ಅಲೆಮಾರಿಗಳ ಸಂಘ ಅಲ್ಲೇನ್ರೀ," ಅಂತಾನೆ ಅಂಚೆಯ ದಾವಲಸಾಬ,
"ಅದಕ್ಕ ಅಡ್ಡಾಡತೈತಿ."
ನಗು ಬರುತ್ತದೆ. ಮುಗಿದ ಮೇಲೆ ಸಿಟ್ಟೂ.

ಆಸ್ತಿ: ತಗಡಿನ ಟ್ರಂಕು, ರಬ್ಬರ್ ಸ್ಟಾಂಪು,
ಒಣಗಿದ ಮಸಿ ಪ್ಯಾಡು; ಉಗುಳು ಹಚ್ಚಿದರೆ ಇನ್ನೂ ಮೂಡುತ್ತದೆ.
ಅಧ್ಯಕ್ಷ ಹೆಳವರ ಯಂಕಪ್ಪ:
ಊರವರ ಹನ್ನೆರಡು ತಲೆಮಾರು ಅವನ ನಾಲಿಗೆಯ ಮೇಲೆ,
ತನ್ನಪ್ಪ ಹುಟ್ಟಿದ್ದೆಲ್ಲಿ ಎಂದರೆ "ಹಾದ್ಯಾಗ" ಅಂತಾನೆ.
ಕಾರ್ಯದರ್ಶಿ ನಾನು, ಘಿಸಾಡಿ ಸೋನಾಬಾಯಿಯ ಮೊಮ್ಮಗಳು,
ಕುಡಗೋಲಿಗೆ ಹಲ್ಲು ಕೊರೆಯುವ ಕೈಯಿಂದಲೇ
'ಮಾನ್ಯ ಜಿಲ್ಲಾಧಿಕಾರಿಗಳ ಸನ್ನಿಧಿಗೆ' ಎಂದು ಬರೆಯುವವಳು.

ನೀರು ಬರುವ ಮೊದಲು ನಂಬರು ಬಂದಿತ್ತು.
ಹಳೇ ಊರಿನ ಗೋಡೆ ಗೋಡೆಗೂ ಬಣ್ಣದಲ್ಲಿ ಬರೆಯುತ್ತ
ಸರ್ವೆಯವರು ಓಣಿ ಇಳಿದರು.
ನಮ್ಮದು ತಟ್ಟಿನ ಗುಡಾರ, ಬರೆಯಲು ಗೋಡೆಯಿಲ್ಲ.
ಆಯಿ ಅಡೆಗಲ್ಲು ತೋರಿಸಿದಳಂತೆ:
"ಇದರ ಮ್ಯಾಲ ಬರೀರಿ. ಇದು ನಮ್ಮ ಮನಿ. ಉಳಿದದ್ದು ಬರೇ ಬಟ್ಟಿ."
ಕುಂಚದವ ನಕ್ಕು ಮುಂದೆ ಹೋದ.

ಆಮೇಲೆ ಘಟಪ್ರಭೆ ಹಿಂದುಹಿಂದಕ್ಕೆ ಏರಿ ಬಂದಳು.
ಆ ವರ್ಷ ಊರಿಗೆ ಊರೇ ಅಲೆಮಾರಿ.
ತೊಲೆ, ಕಪಾಟು, ಬಾಗಿಲ ಚೌಕಟ್ಟು ಹೊತ್ತ ಟ್ರಾಕ್ಟರುಗಳು.
ಅಳುತ್ತ ನಿಂತವರಿಗೆ ನಮ್ಮ ಆಯಿ ಹೇಳಿಕೊಟ್ಟಳಂತೆ
ಹಗ್ಗ ಹೇಗೆ ಬಿಗಿಯುವುದು, ತಳಕ್ಕೇನು, ಮೇಲೇನು,
ಒಡೆಯುವುದನ್ನು ಯಾವುದರಲ್ಲಿ ಸುತ್ತುವುದು.
ಅವರಿಗೆ ಚೆಕ್ಕು ಬಂತು, ಸೈಟು ಬಂತು.
ಕಲಿಸಿದ್ದಕ್ಕೆ ಯಾರೋ ಒಂದು ಹಿತ್ತಾಳೆ ತಂಬಿಗೆ ಕೊಟ್ಟರು.
ಇನ್ನೂ ಐತಿ, ಸೋರುತೈತಿ.

ಈ ಸಲದ ಅರ್ಜಿಯೂ ಜಾಗಕ್ಕೇ. ನಲವತ್ತೆರಡು ಕುಟುಂಬ.
'ನಮಗಿರುವುದು ಅಡೆಗಲ್ಲು ಮಾತ್ರ' ಎಂದು ಬರೆದುಕೊಟ್ಟಿದ್ದೆ.
ಡಿಟಿಪಿ ಹುಡುಗನ ಅವಸರಕ್ಕೆ 'ಅಡಿಗಲ್ಲು' ಎಂದು ಅಚ್ಚಾಯಿತು.
ಸಾಹೇಬರು ಕನ್ನಡಕ ಇಳಿಸಿದರು:
"ಅಡಿಗಲ್ಲು ಆಗೇದೇನು? ಯಾರು ಇಟ್ಟರು? ಯಾರ ಪರವಾನಗಿ?"
ತಿದ್ದಲು ಬಾಯಿ ತೆರೆದೆ. ಯಂಕಪ್ಪ ಮೊಣಕೈ ಹಿಡಿದ.
"ಆಗೇದ್ರಿ ಸಾಹೇಬರ. ನಾಳಿ ತರತೀವಿ."
"ತರೋದಂದ್ರ?"

ಮರುದಿನ ನಾಲ್ಕು ಮಂದಿ, ಒಂದು ಗೋಣಿ,
ಗೋಣಿಯೊಳಗೆ ಆಯಿಯ ಕಬ್ಬಿಣ.
ಗೇಟಿನ ಪೊಲೀಸ ಬಿಚ್ಚಿಸಿ ನೋಡಿದ.
ನಮ್ಮ ಗೋಣಿ, ಅವರ ಕೈ: ಹಳೇ ಪರಿಚಯ.
ಮೇಜಿಗೆ ಗಾಜಿತ್ತು, ನೆಲಕ್ಕಿಟ್ಟೆವು.
ಟೈಲ್ಸು ಸಣ್ಣಗೆ ಬಿರಿದದ್ದು ಎಲ್ಲರಿಗೂ ಕೇಳಿಸಿತು.
ಸಾಹೇಬರು ಎದ್ದು ಬಂದರು. ಬಗ್ಗಿದರು.
ಮೂರು ತಲೆಮಾರಿನ ಕುಡಗೋಲು ತೋಡಿದ ತಗ್ಗಿನಲ್ಲಿ
ಒಂದು ಬೆರಳಿಟ್ಟು ನೋಡಿದರು.
ಆಮೇಲೆ ಹಸಿರು ಪೆನ್ನಿನಲ್ಲಿ ಬರೆದರು: 'ಪರಿಶೀಲಿಸಿ.'
ಆ ಶಬ್ದ ನಮಗೆ ಗೊತ್ತು. ಟ್ರಂಕಿನಲ್ಲಿ ಹನ್ನೊಂದಿವೆ.

ಮೆಟ್ಟಿಲಿಳಿಯುವಾಗ ಆವಕ ವಿಭಾಗದ ನೀಲಗಂಗಕ್ಕ ಓಡಿ ಬಂದಳು.
"ತಡೀರಿ, ಇದು ಅರ್ಜಿಗೆ ಲಗತ್ತು. ನಂಬರು ಹಾಕದ ಒಯ್ಯಂಗಿಲ್ಲ."
ವೈಟ್ನರಿನ ಸಣ್ಣ ಕುಂಚದಿಂದ, ನಾಲಿಗೆ ಕಚ್ಚಿಕೊಂಡು,
ಕಬ್ಬಿಣದ ಮೇಲೆ ಬರೆದಳು: 4417.
ನಾವು ಯಾರೂ ಮಾತಾಡಲಿಲ್ಲ.

ಎರಡು ದಿನ ನನ್ನ ತಮ್ಮ ಅಂಚಿನಲ್ಲೇ ಬಡಿದ.
ಮೂರನೆಯ ದಿನ ಕಬ್ಬಿನ ಗ್ಯಾಂಗಿನ ಕೊಯ್ತಾಗಳು ಬಂದವು,
ಎಪ್ಪತ್ತು, ಸಂಜೆಯೊಳಗೆ ಬೇಕು.
ಬಿಳಿ ಹೊಪ್ಪಳೆ ಮೊದಲ ಏಟಿಗೆ ಹಾರಿತು.

ನಾನು ಬರೆದಿಟ್ಟುಕೊಂಡಿದ್ದೆ.
ಲೆಟರ್‌ಹೆಡ್ಡಿನ ಖಾಲಿ ಜಾಗದಲ್ಲಿ ಈಗ ಅದನ್ನೇ ತುಂಬುತ್ತೇನೆ.
ದಾವಲಸಾಬನಿಗೆ ಹೇಳಿದ್ದೇನೆ, ಆ ನಂಬರಿಗೆ ಕಾಗದ ಬಂದರೆ
ಸುತ್ತಿಗೆ ಸಪ್ಪಳ ಎಲ್ಲಿದೆಯೋ ಅಲ್ಲಿಗೆ ಬಾ.