ಒಪ್ಪೋಲೆ

ಸೆಗೆಡ್ ಊರಿನ ಅಚ್ಚುಕೂಟದಲ್ಲಿ ಲೋರಿಂಟ್ಸ್
ಪಂದ್ಯಾವಳಿಯ ಪುಸ್ತಕಕ್ಕೆ ಮೊಳೆ ಜೋಡಿಸುತ್ತಿದ್ದ.
ಸೀಸದ ಕಪ್ಪು ಕುದುರೆ ಮೂರೇ ಉಳಿದಿದ್ದವು,
ಒಂದರ ಕಿವಿ ಮುಕ್ಕು.

ಹನ್ನೊಂದನೇ ಸುತ್ತು, ಮೂವತ್ತನಾಲ್ಕನೇ ನಡೆಯ ಚಿತ್ರ.
ಅಂಚೆಯವ ಬೋಲ್ಡಿಜಾರ್ ಆನೆ ನಡೆಸಿ ಸೋತ ಆಟ.
ಅಂದು ಹಗ್ಗದಾಚೆ ನಿಂತು
ಲೋರಿಂಟ್ಸ್ ನಾಲಿಗೆ ಕಚ್ಚಿಕೊಂಡಿದ್ದ:
ಕುದುರೆ, ಮಾರಾಯ, ಕುದುರೆ!

ಈಗ ಕೈ ತಾನೇ
ಆನೆಯನ್ನು ಇದ್ದಲ್ಲೇ ಬಿಟ್ಟು
ಕಿವಿಮುಕ್ಕನನ್ನು ನೆಗೆಸಿತು.
ಕರಡು ತಿದ್ದುವವನಿಗೆ ಅವತ್ತು ನೆಗಡಿ.

ಆಮೇಲೆ ಬಂತು ಒಪ್ಪೋಲೆ, ಎರಡು ಬೆರಳಗಲದ ಚೀಟಿ:
'ಪುಟ ತೊಂಬತ್ತಾರು. ನಡೆದದ್ದು ಆನೆ, ಕುದುರೆಯಲ್ಲ.'
ಎಷ್ಟೋ ಪ್ರತಿಗಳಿಂದ ಅದು ಉದುರಿಹೋಯಿತು.

ಬೋಲ್ಡಿಜಾರನ ಪ್ರತಿಯಲ್ಲಿ ಇನ್ನೂ ಇದೆ,
ಅಂಚೆಯ ಗೋಂದಿನಲ್ಲಿ ಅವನೇ ಅಂಟಿಸಿದ್ದು,
ಚಿತ್ರದ ಮೇಲೇ, ಕೊಂಚ ಓರೆಯಾಗಿ,
ಆ ಮುಕ್ಕು ಕಿವಿಯಷ್ಟು ಕಾಣುವ ಹಾಗೆ.