ಹನ್ನೆರಡನೆಯ ಹೆಸರು

ಮೂವರು ಹೋಗುತ್ತಾರೆ, ಅದು ಖಚಿತ.
ರಮ್ಸೀನಾಳ ಕೊನೇ ಪರೀಕ್ಷೆ ಮುಗಿಯಿತು,
ಜೆಸಿಂತಾ ಬಿ.ಎಡ್.ಗೆ,
ಸೌಪರ್ಣಿಕಾಳ ಮೊಣಕಾಲು ಅವಳಿಗಿಂತ ಮೊದಲೇ ಹೋಗಿದೆ.

ಈ ವರ್ಷ ನೂರು ಎಸೆತಕ್ಕೆ ಮೂವತ್ತೊಂದು ಬುಟ್ಟಿಗೆ.
ಉಳಿದದ್ದು ಕಬ್ಬಿಣದ ಬಳೆಗೆ, ಬೇಲಿಗೆ,
ಎರಡು ಸಲ ಪ್ರಿನ್ಸಿಪಾಲರ ಕಾರಿಗೆ.

ನಾಲ್ಕು ಗಂಟೆಯ ಮೇಲೆ ಕಾಸರಗೋಡಿನ ಕಡಲಗಾಳಿ
ಉತ್ತರದ ಬುಟ್ಟಿಗೆ ಹೋಗುವ ಚೆಂಡನ್ನು
ಒಂದು ಗೇಣು ಬಲಕ್ಕೆ ಒಯ್ಯುತ್ತದೆ.
‘ಬುಟ್ಟಿಗೆ ಸುಳ್ಳು ಹೇಳು, ಗಾಳಿ ತಿದ್ದುತ್ತದೆ’
ರಮ್ಸೀನಾ ಮಲಯಾಳದಲ್ಲಿ ಹೇಳಿದ್ದು,
ನಾನು ಕನ್ನಡದಲ್ಲಿ ಬರೆದುಕೊಂಡದ್ದು.

ಪೈವಳಿಕೆಯಿಂದ ಒಬ್ಬಳು ಬರುತ್ತಾಳಂತೆ,
ಐದಡಿ ಹತ್ತು, ತ್ರೋಬಾಲಿನ ಕೈ.
ಚೆಂಡು ಪುಟಿಸಲು ಬಾರದು.
‘ಪುಟಿಸಲಿಕ್ಕೆ ಕಲಿಸುವಾ,
ಉದ್ದ ಆಗ್ಲಿಕ್ಕೆ ಕಲಿಸ್ಲಿಕ್ಕಾಗ್ತದಾ?’ ಪಿ.ಟಿ. ಮಾಸ್ಟ್ರು.

ನನ್ನ ಅಂದಾಜು: ನೂರಕ್ಕೆ ಇಪ್ಪತ್ತಾರು.
ಅಂಕಣಕ್ಕೆ ಪಾಚಿ ಹಿಡಿದರೆ ಇಪ್ಪತ್ತು.

‘ಹನ್ನೊಂದಾಯಿತು. ಇನ್ನೊಂದು ಹೆಸರು?’
ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತೆ.
ಎರಡು ವರ್ಷ ಮೇಜಿನ ಹಿಂದೆ ಲೆಕ್ಕ ಬರೆದವಳ ಎಸೆತ
ಯಾವ ಪುಟದಲ್ಲೂ ಇಲ್ಲ.

ನಿನ್ನೆ, ವಾಚ್‌ಮನ್ ಚಾ ಕುಡಿಯಲು ಹೋದಾಗ,
ಹತ್ತು ಎಸೆದೆ, ಒಂದು ಗೇಣು ಎಡಕ್ಕೆ.
ನಾಲ್ಕು.

ಪೆನ್ಸಿಲಿನಲ್ಲಿ ಬರೆದಿದ್ದೇನೆ.