ಬಳಕೆಯ ಹಕ್ಕು

ಎಲ್‌ಎಲ್‌ಎಂ, ಎರಡನೆಯ ವರ್ಷ.
ವಿಷಯ: ತೈಲ ಮತ್ತು ಅನಿಲ ಕಾನೂನು.
ಕೇಳಿದವರು ಬೋಳು ಗುಡ್ಡದ ಕಡೆ ಒಮ್ಮೆ ನೋಡಿ ನಗುತ್ತಾರೆ:
ಬಳ್ಳಾರಿಯಲ್ಲಿ ಎಣ್ಣೆ ಅಂದರೆ
ಮಿರ್ಚಿ ಬಾಣಲೆಯಲ್ಲಿ ಇರೋದಷ್ಟೇ,
ಅದಕ್ಕೂ ಕಾನೂನು ಬಂತೇನವ್ವ?

ಅಪ್ಪ ನಗಲಿಲ್ಲ.
ಕೌಲ್ ಬಜಾರಿನ ಗಲ್ಲಿಯಲ್ಲಿ ಮೂವತ್ತು ವರ್ಷ
ಸೀಮೆಎಣ್ಣೆ ಸ್ಟೋವುಗಳ ಮೂಗಿಗೆ ಪಿನ್ನು ಚುಚ್ಚಿದ ಗಾದಿಲಿಂಗಪ್ಪ,
ಈಗ ಗ್ಯಾಸ್ ಪೈಪಿಗೆ ಸೋಪಿನ ನೊರೆ ಹಚ್ಚಿ
ಗುಳ್ಳೆ ಎಲ್ಲಿ ಏಳುತ್ತದೆಂದು
ಉಸಿರು ಹಿಡಿದು ನೋಡುವವನು, ಹೇಳಿದ:
"ಅದಕ್ಕೆ ತನ್ನದಂತ ವಾಸನೆ ಇಲ್ಲವ್ವ.
ನಮಗೆ ಗೊತ್ತಾಗಲಿ ಅಂತ ಯಾರೋ ಬೆರೆಸ್ಯಾರೆ.
ನಿನ್ನ ಕಾನೂನು ಅಂದ್ರೂ ಅದೇ ಏನು?"
ಬರೆದುಕೊಂಡೆ.
ಅಡಿಟಿಪ್ಪಣಿಯಲ್ಲಿ ಮೂಲ ಏನೆಂದು ಕೊಡಲಿ?

ರಾತ್ರಿ ಅಂಗಡಿಯ ಶಟರು ಅರ್ಧ ಎಳೆದು ಓದು.
ನೂರು ವರ್ಷಕ್ಕೂ ಹಿಂದೆ, ಎಲ್ಲೋ ಕಡಲಾಚೆ,
ನೆಲದೊಳಗಿನ ಎಣ್ಣೆ ಕಾಡುಮೃಗದ ಹಾಗೆ ಎಂದು
ಒಬ್ಬ ನ್ಯಾಯಾಧೀಶ ಬರೆದನಂತೆ:
ನಿನ್ನ ಬೇಲಿ ದಾಟಿ ಪಕ್ಕದವನ ಹೊಲಕ್ಕೆ ಹೋಯಿತೋ
ಅಲ್ಲಿಗೆ ನಿನ್ನದಲ್ಲ. ಹಿಡಿದವನದೇ ಜಿಂಕೆ.
ಜೀನ್ಸಿನ ಜೇಬು ಹೊಲಿಯುತ್ತಿದ್ದ ಅವ್ವ
ಮಷೀನು ನಿಲ್ಲಿಸದೆ ಅಂದಳು:
"ಹಿಂದಿನ ಮನೆಯವರು ಆರುನೂರು ಅಡಿ ಬೋರು ಇಳಿಸಿದ ದಿನ
ನಮ್ಮ ಜಿಂಕೆ ಹೋಯ್ತು ಬಿಡು."

ಗೈಡು ಸರ್ ಮೂರನೆಯ ಅಧ್ಯಾಯದ ಅಂಚಿಗೆ
ಕೆಂಪು ಶಾಯಿಯಲ್ಲಿ ಗೀಚಿದ್ದರು:
ಉಪಮೆ ಜಾಸ್ತಿ, ಕಲಮು ಕಮ್ಮಿ.

ಕುರುಗೋಡು ಕಡೆಯಿಂದ ಎರ್ರೆಮ್ಮ ಬಂದದ್ದು
ಏಪ್ರಿಲ್‌ನ ಮಟಮಟ ಮಧ್ಯಾಹ್ನ.
ರೆಗ್ಯುಲೇಟರನ್ನು ಒಂದು ಕಾಗದದಲ್ಲಿ ಸುತ್ತಿ ತಂದಿದ್ದಳು.
ಅಪ್ಪ ರೆಗ್ಯುಲೇಟರು ಬಿಚ್ಚಿದ.
ನಾನು ಕಾಗದ ಬಿಚ್ಚಿದೆ.

ಪೈಪ್‌ಲೈನಿನ ನೋಟಿಸು.
ತಾರೀಖಿನ ಮೇಲೆ ಜಿಡ್ಡು ಹರಡಿ
ಅಂಕಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು:
ಆಕ್ಷೇಪಣೆಗೆ ಇಪ್ಪತ್ತೊಂದು ದಿನ,
ಇವತ್ತಿಗೆ ಹದಿನೆಂಟು.

"ಏನಂತೈತೆ ಅದು?"
ಭೂಮಿ ನಿಮ್ಮದೇ ಅಂತೈತೆ, ಬಳಸುವ ಹಕ್ಕು ಅವರದು.
"ಮೆಣಸಿನಗಿಡ ಹಚ್ಚಬೌದಾ?"
ಹಚ್ಚಬಹುದು.
"ಬೇವು?"
ಇಲ್ಲ. ಮರ ಯಾವುದೂ ಇಲ್ಲ.
"ಬಾವಿ?"
ಇಲ್ಲ. ಗೋಡೆಯೂ ಇಲ್ಲ.
"ನಮ್ಮತ್ತಿ ಅಲ್ಲೇ ಮಲಗ್ಯಾಳ, ಬದುವಿನ ಮಗ್ಗುಲಾಗೆ.
ಅಕಿ ಎದ್ದು ಹೋಗಬೇಕಾ?"

ಕಲಂ ಒಂಬತ್ತನ್ನು ಎರಡು ಸಲ ಓದಿದೆ.
ಕಟ್ಟಡ ಐತೆ, ಕೆರೆ ಐತೆ, ಅಣೆಕಟ್ಟು ಐತೆ, ಮರ ಐತೆ.
ಮೊದಲೇ ಮಲಗಿದವರ ಮಾತು ಇಲ್ಲ.
ಎರಡು ವರ್ಷ ಓದಿದ ನಾಲಿಗೆ
ಅಂಗಳಕ್ಕೆ ಅಂಟಿಕೊಂಡಿತು.
ಎರ್ರೆಮ್ಮನೇ ನಕ್ಕಳು:
"ಬರೆದಿಲ್ಲ ಅಂದ್ರೆ ಬರಿ ಮತ್ತೆ.
ಓದಿದಾಕಿ ನೀನಲ್ಲಾ?"

ಸ್ಪ್ಯಾನರುಗಳ ನಡುವೆ ಕಾಗದ ಇಟ್ಟು ಬರೆದೆ.
ಮಾನ್ಯರೇ, ಸರ್ವೆ ನಂಬರು, ಚೆಕ್ಕುಬಂದಿ,
ಪಡುವಣ ಬದುವಿನಿಂದ ಏಳು ಮೊಳಕ್ಕೆ ಒಂದು ಗೋರಿ,
ಹೆಸರು ದ್ಯಾವಮ್ಮ, ಕಲ್ಲು ನೆಟ್ಟಿಲ್ಲ,
ಸುಣ್ಣ ಬಳಿದ ಮೂರು ಗುಂಡು ಇವೆ.
ಪೈಪು ದಯವಿಟ್ಟು ಸರಿಯಲಿ, ಆಕೆ ಸರಿಯಲಾರಳು.
ಉಪಮೆ ಒಂದೂ ಇಲ್ಲ. ಸರ್ ನೋಡಿದ್ದರೆ
ಅಂಕ ಕೊಡುತ್ತಿದ್ದರೋ ಏನೋ.

ಅತ್ತ ಅಪ್ಪ ವಾಷರು ಬದಲಿಸಿ
ನೊರೆ ಹಚ್ಚಿ ಕಾಯುತ್ತಿದ್ದ.
ಇತ್ತ ನಾನೂ ಬರೆದದ್ದರ ಮೇಲೆ ಬೆರಳು ಆಡಿಸುತ್ತ
ಯಾವ ಸಾಲಲ್ಲಿ ಸೋರುತ್ತದೋ ಎಂದು.

ವಾಷರಿಗೆ ನಲವತ್ತು ರೂಪಾಯಿ ತೆಗೆದುಕೊಂಡ ಅಪ್ಪ,
ಅರ್ಜಿಗೆ ಎಷ್ಟೆಂದು ಆಕೆ ಕೇಳಿದಾಗ
ನನ್ನ ಮುಖ ನೋಡಿದ.
ನಾನು ತಲೆ ಅಲ್ಲಾಡಿಸಿದೆ.

ಮೆಟ್ಟಿಲು ಇಳಿದವಳು ತಿರುಗಿ ಬಂದಳು:
"ನೋಟಿಸು ನೀನೇ ಇಟ್ಕೊಂಡಿ,
ಇದಕ್ಕೆ ಸುತ್ತಲಿಕ್ಕೆ ಏನಾದರೂ ಕೊಡವ್ವ."
ಕೈಗೆ ಸಿಕ್ಕಿದ್ದು ಮೂರನೆಯ ಅಧ್ಯಾಯ.
ಜಿಂಕೆ ಇದ್ದ ಹಾಳೆ
ಕೆಂಪು ಗೀಚಿನ ಸಮೇತ
ರೆಗ್ಯುಲೇಟರಿಗೆ ಸುತ್ತಿಕೊಂಡು
ಎರಡೂವರೆಯ ಕುರುಗೋಡು ಬಸ್ಸು ಹತ್ತಿತು.